ನಾಟಿ ಕೋಳಿಗೆ ಕೊಕ್ಕರೆ ರೋಗದ ಲಸಿಕೆ: ಫ್ರಿಜ್‌ನಿಂದ ಕೋಳಿಯ ಕಣ್ಣಿನವರೆಗೆ

"ಲಸಿಕೆ ಹಾಕ್ಸಿದ್ವಿ, ಆದ್ರೂ ಕೋಳಿ ಎಲ್ಲಾ ಹೋದ್ವು." ನಾಟಿ ಕೋಳಿ ಸಾಕುವವರ ಬಾಯಲ್ಲಿ ಈ ಮಾತು ಆಗಾಗ ಬರುತ್ತದೆ. ಕೇಳಿದವರು ಲಸಿಕೆಯೇ ದಂಡ ಅಂದುಕೊಳ್ಳುತ್ತಾರೆ. ಸ್ವಲ್ಪ ಕೆದಕಿ ವಿಚಾರಿಸಿದರೆ ಬೇರೆ ಸಂಗತಿ ಹೊರಬರುತ್ತದೆ. ಬಾಟಲಿಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಬಿಸಿಲಲ್ಲಿ ಬೈಕಿನ ಮೇಲೆ ಬಂದಿರುತ್ತಾರೆ. ಇಲ್ಲವೇ ಬೆಳಿಗ್ಗೆ ಕಲಸಿದ್ದನ್ನು ಸಂಜೆ ಹಾಕಿರುತ್ತಾರೆ. ಮೊದಲ ಹನಿ ಹಾಕಿ ಎರಡನೆಯದನ್ನು ಮರೆತವರಂತೂ ಲೆಕ್ಕವಿಲ್ಲ.

ಕೊಕ್ಕರೆ ರೋಗಕ್ಕೆ ಊರುಗಳಲ್ಲಿ ಹಾಕುವ ಲಸಿಕೆಯಲ್ಲಿ ಇರುವುದು ಜೀವಂತ ವೈರಸ್. ಕೋಳಿಯ ಮೈ ಸೇರುವವರೆಗೂ ಅದು ಬದುಕಿರಬೇಕು. ದಾರಿಯಲ್ಲಿ ಸತ್ತರೆ ನೀವು ಹಾಕುವುದು ಬರೀ ನೀರು. ಕೆಳಗೆ ಬರುವ ಹೆಚ್ಚಿನ ಹೆಜ್ಜೆಗಳು ಇದೇ ಕಾರಣಕ್ಕೆ ಇವೆ.

ಹತ್ತಿಪ್ಪತ್ತು ನಾಟಿ ಕೋಳಿ, ಅಥವಾ ನೂರಿನ್ನೂರು ಗಿರಿರಾಜ, ಸ್ವರ್ಣಧಾರ ಸಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಉತ್ತರ ಕರ್ನಾಟಕದವರು ಜವಾರಿ ಕೋಳಿ ಅಂತ ಓದಿಕೊಳ್ಳಿ. ಸಾವಿರಗಟ್ಟಲೆ ಬ್ರಾಯ್ಲರ್ ಸಾಕುವವರಿಗೆ ಕಂಪನಿಯವರೇ ವೇಳಾಪಟ್ಟಿ ಕೊಡುತ್ತಾರೆ, ಅದನ್ನೇ ಪಾಲಿಸಿ.

ಮೊದಲು ರೋಗವನ್ನು ಗುರುತಿಸಿ

ಕೊಕ್ಕರೆ ರೋಗ, ರಾಣಿಖೇತ್, ನ್ಯೂಕ್ಯಾಸಲ್ ರೋಗ, ಮೂರೂ ಒಂದೇ. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಇದು ಕಾಣಿಸಿಕೊಂಡಿತು. ಒಂದೆರಡು ವರ್ಷದಲ್ಲೇ ಕುಮಾವೂನ್ ಬೆಟ್ಟಗಳ ರಾಣಿಖೇತ್‌ಗೆ ಬಂತು. ಅಲ್ಲಿಂದೀಚೆಗೆ ನಮ್ಮ ದೇಶವನ್ನು ಬಿಟ್ಟು ಹೋಗಿಲ್ಲ.

ವೈರಸ್ ಒಳಹೊಕ್ಕ ಮೇಲೆ ಲಕ್ಷಣ ಕಾಣಲು 2ರಿಂದ 15 ದಿನ ಬೇಕು. ಸಾಮಾನ್ಯವಾಗಿ ಐದಾರು ದಿನ. ಕೋಳಿ ಮೇವು ಬಿಡುತ್ತದೆ. ಗರಿ ಕೆದರಿಕೊಂಡು ಒಂದು ಮೂಲೆಯಲ್ಲಿ ತೂಕಡಿಸುತ್ತಾ ನಿಲ್ಲುತ್ತದೆ. ಹಸಿರು ಬಣ್ಣದ ನೀರು ಭೇದಿ ಶುರುವಾಗುತ್ತದೆ. ಬಾಯಿ ತೆರೆದು, ಕತ್ತು ಮುಂದೆ ಚಾಚಿ ಉಸಿರಾಡುತ್ತದೆ. ಕೆಲವು ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಸತ್ತಿರುತ್ತವೆ. ಬದುಕಿ ಉಳಿದವುಗಳಲ್ಲಿ ಕತ್ತು ತಿರುಚಿಕೊಳ್ಳುವುದು, ಕಾಲು ಅಥವಾ ರೆಕ್ಕೆ ಸ್ವಾಧೀನ ತಪ್ಪುವುದು ಕಾಣುತ್ತದೆ. ಮೊಟ್ಟೆ ಇಡುತ್ತಿದ್ದವು ನಿಲ್ಲಿಸುತ್ತವೆ, ಇಟ್ಟರೂ ಸಿಪ್ಪೆ ತೆಳ್ಳಗೆ, ಆಕಾರ ಸೊಟ್ಟ. ಲಸಿಕೆ ಕಾಣದ ಹಿಂಡಿಗೆ ಕಟುವಾದ ವೈರಸ್ ಬಡಿದರೆ ನೂರಕ್ಕೆ ತೊಂಬತ್ತು, ಕೆಲವೊಮ್ಮೆ ಎಲ್ಲವೂ ಹೋಗುತ್ತವೆ.

ಇದಕ್ಕೆ ಔಷಧಿ ಇಲ್ಲ. ಅಂಗಡಿಯಿಂದ ಟೆಟ್ರಾಸೈಕ್ಲಿನ್ ಪುಡಿ ತಂದು ನೀರಿಗೆ ಹಾಕುವವರು ಬಹಳ ಜನ. ಅದು ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ, ವೈರಸ್ ಮೇಲೆ ಅಲ್ಲ. ಈರುಳ್ಳಿ, ಬೆಳ್ಳುಳ್ಳಿ, ಅರಿಶಿನ ಅರೆದು ಕುಡಿಸುವವರೂ ಇದ್ದಾರೆ. ಕುಡಿಸಿ, ಬೇಡ ಅನ್ನುವುದಿಲ್ಲ. ಆದರೆ ರಾಣಿಖೇತ್ ಅದಕ್ಕೆಲ್ಲ ಬಗ್ಗುವುದಿಲ್ಲ. ದುಡ್ಡು ಖರ್ಚು ಮಾಡುವುದಿದ್ದರೆ ರೋಗ ಬರುವ ಮೊದಲೇ ಮಾಡಬೇಕು.

ಲಸಿಕೆ ಒಳಗೆ ಹೋಗಿ ಮಾಡುವುದೇನು

ಈ ಭಾಗ ಬಿಟ್ಟು ಮುಂದೆ ಹೋಗಬೇಡಿ. ಇದು ಗೊತ್ತಿದ್ದರೆ ಮುಂದಿನ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ರಾಣಿಖೇತ್ ವೈರಸ್ಸಿನ ಹೊರಮೈಯಲ್ಲಿ ಎರಡು ಬಗೆಯ ಪ್ರೋಟೀನ್ ಮುಳ್ಳುಗಳಿವೆ. ಒಂದು ಕೋಳಿಯ ಜೀವಕೋಶಕ್ಕೆ ಅಂಟಿಕೊಳ್ಳಲು. ಇನ್ನೊಂದಕ್ಕೆ ಎಫ್ ಪ್ರೋಟೀನ್ ಅನ್ನುತ್ತಾರೆ, ಅದು ಕೋಶದ ಒಳಗೆ ನುಗ್ಗಲು. ಈ ಎಫ್ ಪ್ರೋಟೀನ್ ತಾನಾಗಿ ಕೆಲಸ ಮಾಡುವುದಿಲ್ಲ. ಕೋಳಿಯ ದೇಹದಲ್ಲೇ ಇರುವ ಕಿಣ್ವವೊಂದು (ಎಂಜೈಮ್) ಅದನ್ನು ನಿರ್ದಿಷ್ಟ ಜಾಗದಲ್ಲಿ ಕತ್ತರಿಸಬೇಕು. ಆಗಲೇ ಅದಕ್ಕೆ ಶಕ್ತಿ. ಕೊಲ್ಲುವ ವೈರಸ್ಸಿನಲ್ಲಿ ಆ ಜಾಗದ ರಚನೆ ಸಡಿಲ. ದೇಹದ ಹೆಚ್ಚುಕಡಿಮೆ ಎಲ್ಲ ಅಂಗಗಳಲ್ಲೂ ಇರುವ ಕಿಣ್ವವೇ ಅದನ್ನು ಕತ್ತರಿಸಬಲ್ಲದು. ಹಾಗಾಗಿ ಅದು ಶ್ವಾಸಕೋಶ, ಕರುಳು, ಮಿದುಳು ಎಲ್ಲೆಡೆ ಹಬ್ಬುತ್ತದೆ.

ಲಸಿಕೆಗೆ ಬಳಸುವ ಲಸೋಟ, ಎಫ್ (ಇದು ವೈರಸ್ ತಳಿಯ ಹೆಸರು, ಮೇಲಿನ ಪ್ರೋಟೀನ್ ಅಲ್ಲ) ಮುಂತಾದ ತಳಿಗಳಲ್ಲಿ ಆ ಜಾಗ ಬೇರೆ ಥರ ಇದೆ. ಅದನ್ನು ಕತ್ತರಿಸುವ ಕಿಣ್ವಗಳು ಉಸಿರಾಟದ ದಾರಿ ಮತ್ತು ಕರುಳಿನಲ್ಲಿ ಮಾತ್ರ ಸಿಗುತ್ತವೆ. ಅಲ್ಲೇ ಸ್ವಲ್ಪ ಬೆಳೆದು ಅಲ್ಲೇ ನಿಲ್ಲುತ್ತದೆ. ಕೋಳಿಗೆ ಒಂದೆರಡು ಸೀನು ಬರಬಹುದು, ಅಷ್ಟೇ. ಆದರೆ ಹೊರಮೈಯ ಮುಳ್ಳುಗಳು ಕೊಲ್ಲುವ ವೈರಸ್ಸಿನವನ್ನೇ ಹೋಲುತ್ತವೆ. ಕೋಳಿಯ ದೇಹ ಅವುಗಳ ಗುರುತು ಹಿಡಿದಿಟ್ಟುಕೊಳ್ಳುತ್ತದೆ.

ಗುರುತು ಹಿಡಿಯುವ ಕೆಲಸ ಎರಡು ಕಡೆ ನಡೆಯುತ್ತದೆ. ಮೊದಲನೆಯದು ಬಾಗಿಲಲ್ಲೇ. ಕೋಳಿಯ ಕಣ್ಣುಗುಡ್ಡೆಯ ಹಿಂದೆ ಹಾರ್ಡರ್ ಗ್ರಂಥಿ ಅಂತ ಒಂದಿದೆ. ಕಣ್ಣಿಗೆ ಬಿದ್ದ ಹನಿಯಲ್ಲಿನ ವೈರಸ್ ಈ ಗ್ರಂಥಿಯನ್ನು ಎಚ್ಚರಿಸುತ್ತದೆ. ಅದು ಕಣ್ಣೀರಿನಲ್ಲಿ, ಮೂಗು ಮತ್ತು ಗಂಟಲಿನ ತೇವದ ಪದರದಲ್ಲಿ ಪ್ರತಿಕಾಯಗಳನ್ನು, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್‌ಗಳನ್ನು, ಬಿಡುತ್ತದೆ. ಲಸಿಕೆಯನ್ನು ಕಣ್ಣಿಗೆ ಹಾಕುವುದು ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ. ರಾಣಿಖೇತ್ ಬರುವುದೇ ಮೂಗು, ಬಾಯಿ, ಕಣ್ಣಿನ ದಾರಿಯಲ್ಲಿ ಅಲ್ವಾ? ಕಾವಲು ಅಲ್ಲೇ ಕೂರಬೇಕು.

ಎರಡನೆಯದು ರಕ್ತದಲ್ಲಿ. ಲಸಿಕೆಯಾದ ಆರರಿಂದ ಹತ್ತು ದಿನದಲ್ಲಿ ರಕ್ತದಲ್ಲಿ ಪ್ರತಿಕಾಯ ಕಾಣಲು ಶುರುವಾಗುತ್ತದೆ. ಮೂರು-ನಾಲ್ಕು ವಾರಕ್ಕೆ ಅದು ಮೇಲಿನ ಮಟ್ಟ ಮುಟ್ಟಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಪ್ರತಿಕಾಯ ಇಳಿದರೂ ನೆನಪಿನ ಕೋಶಗಳು ಉಳಿದಿರುತ್ತವೆ. ಎರಡನೇ ಸಲ ಅದೇ ವೈರಸ್ ಸಿಕ್ಕಾಗ ದೇಹ ಮೊದಲಿಗಿಂತ ಬೇಗ, ಮೊದಲಿಗಿಂತ ಜೋರಾಗಿ ತಿರುಗಿ ಬೀಳುತ್ತದೆ. ಬೂಸ್ಟರ್ ಅಂತ ಮತ್ತೆ ಮತ್ತೆ ಹಾಕುವುದು ಇದಕ್ಕೇ.

ಒಂದು ಮಾತು ಖಂಡಿತ ತಿಳಿದಿರಲಿ. ಈ ಲಸಿಕೆ ಕೋಳಿಯನ್ನು ರೋಗದಿಂದ, ಸಾವಿನಿಂದ ಉಳಿಸುತ್ತದೆ. ವೈರಸ್ ಮೈಗೆ ಸೋಕದಂತೆ ಪೂರ್ತಿ ತಡೆಯುವುದಿಲ್ಲ. ಲಸಿಕೆ ಪಡೆದ ಕೋಳಿಗೂ ವೈರಸ್ ಅಂಟಬಹುದು. ಆದರೆ ಅಂಥ ಕೋಳಿ ವೈರಸ್ಸನ್ನು ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ಹೊರಗೆ ಬಿಡುತ್ತದೆ. ನೋಡಲು ಗಟ್ಟಿಮುಟ್ಟಾಗಿರುವ ಕೋಳಿಯೂ ಲಸಿಕೆ ಇಲ್ಲದ ಪಕ್ಕದ ಮನೆಯ ಹಿಂಡಿಗೆ ರೋಗ ಕೊಡಬಹುದು. ಹಿಂಡಿನಲ್ಲಿ ಸುಮಾರು ಶೇ. 85ರಷ್ಟು ಕೋಳಿಗಳಿಗೆ ಒಳ್ಳೆಯ ಮಟ್ಟದ ಪ್ರತಿಕಾಯ ಇದ್ದರೆ ಮಾತ್ರ ರೋಗ ಹರಡುವುದು ನಿಲ್ಲುತ್ತದೆ. ಅರ್ಧ ಹಿಂಡಿಗೆ ಹಾಕಿ ಇನ್ನರ್ಧ ಬಿಟ್ಟರೆ ಆ ಅರ್ಧ ಉಳಿಯುತ್ತದೆ, ಹಿಂಡು ಉಳಿಯುವುದಿಲ್ಲ.

ಯಾವಾಗ ಹಾಕಬೇಕು

ತಾಯಿಗೆ ಲಸಿಕೆ ಆಗಿದ್ದರೆ ಅವಳ ಪ್ರತಿಕಾಯ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಇಳಿಯುತ್ತದೆ. ಮರಿಗೆ ಇದು ಮೊದಲ ದಿನಗಳ ರಕ್ಷೆ. ಸುಮಾರು ನಾಲ್ಕೂವರೆ ದಿನಕ್ಕೊಮ್ಮೆ ಇದು ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಒಂದು ತೊಡಕಿದೆ: ತಾಯಿಯ ಪ್ರತಿಕಾಯ ಜಾಸ್ತಿ ಇರುವಾಗ ಲಸಿಕೆ ಹಾಕಿದರೆ, ಅದು ಲಸಿಕೆಯ ವೈರಸ್ಸನ್ನೂ ಹೊಡೆದುಹಾಕುತ್ತದೆ. ತೀರಾ ಮುಂಚೆ ಹಾಕಿದರೆ ವ್ಯರ್ಥ, ತೀರಾ ತಡ ಮಾಡಿದರೆ ಮರಿಗೆ ರಕ್ಷೆಯಿಲ್ಲದ ದಿನಗಳು. ಅದಕ್ಕೇ ಮೊದಲ ವಾರದ ಕೊನೆಗೆ ಒಂದು, ನಾಲ್ಕನೇ ವಾರಕ್ಕೆ ಇನ್ನೊಂದು. ಮೊದಲನೆಯದು ಕಣ್ಣು-ಮೂಗಿನ ಕಾವಲನ್ನು ಎಬ್ಬಿಸುತ್ತದೆ. ಎರಡನೆಯದು ಬರುವ ಹೊತ್ತಿಗೆ ತಾಯಿಯ ಪಾಲು ಕರಗಿರುತ್ತದೆ, ರಕ್ತದ ಪ್ರತಿಕಾಯ ಚೆನ್ನಾಗಿ ಏರುತ್ತದೆ.

ನಮ್ಮಲ್ಲಿ ನಡೆದುಬಂದಿರುವ ಕ್ರಮ ಹೀಗಿದೆ:

- ಹುಟ್ಟಿದ ದಿನ: ಗಡ್ಡೆ ತರುವ ಮಾರೆಕ್ಸ್ ರೋಗದ ಲಸಿಕೆ. ಇದು ಹ್ಯಾಚರಿಯಲ್ಲೇ ಆಗಬೇಕು. ಮರಿ ಕೊಳ್ಳುವಾಗ ಕೇಳಿ.
- 5ರಿಂದ 7ನೇ ದಿನ: ಎಫ್ ಅಥವಾ ಲಸೋಟ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ.
- 14ನೇ ದಿನ: ಗುಂಬೋರೋ (ಮರಿಯ ರೋಗನಿರೋಧಕ ಶಕ್ತಿ ಹಾಳು ಮಾಡುವ ವೈರಸ್ ರೋಗ) ಲಸಿಕೆ, ಹನಿ ಅಥವಾ ನೀರಿನಲ್ಲಿ.
- 28ನೇ ದಿನದ ಆಸುಪಾಸು: ಲಸೋಟ ಬೂಸ್ಟರ್.
- 6–7ನೇ ವಾರ: ಕೋಳಿ ಸಿಡುಬಿನ ಲಸಿಕೆ, ರೆಕ್ಕೆಯ ಪೊರೆಗೆ.
- 8–10ನೇ ವಾರ: ಆರ್‌2ಬಿ (ರಾಣಿಖೇತ್‌ನದೇ ಇನ್ನೊಂದು ಲಸಿಕೆ) ಇಂಜೆಕ್ಷನ್, 0.5 ಮಿ.ಲೀ.
- ಆಮೇಲೆ: ಮೂರು-ನಾಲ್ಕು ತಿಂಗಳಿಗೊಮ್ಮೆ ಲಸೋಟ.

ನಿಮ್ಮ ಪಶುವೈದ್ಯರು ದಿನಗಳನ್ನು ಸ್ವಲ್ಪ ಹಿಂದೆಮುಂದೆ ಮಾಡಿದರೆ ಅವರ ಮಾತು ಕೇಳಿ. ನಿಮ್ಮ ಊರಿನಲ್ಲಿ ಯಾವ ರೋಗ ಓಡಾಡುತ್ತಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಪಟ್ಟಿ ಬರೆಯುವುದು ಸುಲಭ. ಮನೆಯಲ್ಲಿ ಕಾವಿಗೆ ಕೂರಿಸುವವರಿಗೆ ಇದು ತಲೆನೋವು. ಒಂದು ಕೋಳಿ ಈ ವಾರ ಮರಿ ಮಾಡುತ್ತದೆ, ಇನ್ನೊಂದು ಮುಂದಿನ ತಿಂಗಳು. ಪ್ರತಿ ಗುಂಪಿಗೂ 7ನೇ ದಿನ, 28ನೇ ದಿನ ಅಂತ ಬಾಟಲಿ ಒಡೆಯಲು ಆಗುತ್ತದೆಯೇ? ನನ್ನ ಪ್ರಕಾರ ಊರುಮನೆಗೆ ಒಗ್ಗುವ ದಾರಿ ಇದು: ಮೂರು ತಿಂಗಳಿಗೊಂದು ದಿನ ಗೊತ್ತು ಮಾಡಿ. ಆ ದಿನ ಬೀದಿಯ ಎಲ್ಲ ಮನೆಗಳ, ಒಂದು ವಾರ ದಾಟಿದ ಎಲ್ಲ ಕೋಳಿಗಳಿಗೂ ಲಸೋಟ ಹನಿ ಹಾಕಿ. ಆವತ್ತು ಮೊದಲ ಸಲ ಹಾಕಿಸಿಕೊಂಡ ಮರಿಗಳಿಗೆ ಮೂರು-ನಾಲ್ಕು ವಾರ ಬಿಟ್ಟು ಇನ್ನೊಮ್ಮೆ. ಪಟ್ಟಿಯಷ್ಟು ಚೊಕ್ಕವಲ್ಲ, ಆದರೆ ನಡೆಯುತ್ತದೆ.

ಇದರಲ್ಲಿ ಒಂದು ದಿನ ಯುಗಾದಿಗಿಂತ ತಿಂಗಳು ಮೊದಲೇ ಬರಲಿ. ಹೊಸತೊಡಕು, ಮಾರಿಹಬ್ಬ, ಜಾತ್ರೆ ಅಂತ ಕೋಳಿಗಳು ಸಂತೆಯಿಂದ ಸಂತೆಗೆ ಓಡಾಡುವುದು ಆಗಲೇ ಜಾಸ್ತಿ. ರೋಗವೂ ಅವುಗಳ ಜೊತೆಯೇ ಬರುತ್ತದೆ.

ಹೆಜ್ಜೆ 1: ಎಣಿಸಿ, ಜೊತೆಯಾಗಿ

ಲಸಿಕೆ 100, 200, 500, 1000 ಡೋಸ್‌ಗಳ ಬಾಟಲಿಯಲ್ಲಿ ಬರುತ್ತದೆ. ನಿಮ್ಮಲ್ಲಿ ಇರುವುದು ಹನ್ನೆರಡು ಕೋಳಿ. ಒಡೆದ ಬಾಟಲಿಯನ್ನು ನಾಳೆಗೆ ಇಡಲು ಆಗುವುದಿಲ್ಲ. ಅದಕ್ಕೆ ಅಕ್ಕಪಕ್ಕದವರನ್ನು ಸೇರಿಸಿಕೊಳ್ಳಿ. ಎಲ್ಲರ ಕೋಳಿ ಎಣಿಸಿ, ಹತ್ತು ಡೋಸ್ ಜಾಸ್ತಿ ಹಿಡಿದು ತನ್ನಿ. ಮುಗ್ಗರಿಸಿ ಚೆಲ್ಲುವುದು, ಕೋಳಿ ತಲೆ ಒದರುವುದು ಇದ್ದೇ ಇರುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಲಸಿಕೆ ತಯಾರಿಸುವ ಸರ್ಕಾರಿ ಸಂಸ್ಥೆಯಿದೆ. ಊರಿನ ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟರೆ ಲಸಿಕೆ ತರಿಸಿಕೊಡುವ ಸಾಧ್ಯತೆ ಇರುತ್ತದೆ. ಖಾಸಗಿ ಕಂಪನಿಗಳದ್ದು ಪಶು ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ.

ಹೆಜ್ಜೆ 2: ಕೋಳಿಯನ್ನು ಸಿದ್ಧ ಮಾಡಿ

ಲಸಿಕೆಗೆ ಉತ್ತರ ಕೊಡಬೇಕಾದ್ದು ಕೋಳಿಯ ದೇಹ. ಅದೇ ಸೊರಗಿದ್ದರೆ ಉತ್ತರ ಎಲ್ಲಿಂದ ಬರಬೇಕು? ಒಂದೆರಡು ವಾರ ಮೊದಲೇ ಜಂತುಹುಳಕ್ಕೆ ಔಷಧಿ ಕೊಡಿ. ಗೂಡಿನಲ್ಲಿ ಹೇನು, ಉಣ್ಣೆ ಇದ್ದರೆ ನೋಡಿಕೊಳ್ಳಿ. ಬೂಸ್ಟು ಹಿಡಿದ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಬೂಸ್ಟಿನಲ್ಲಿರುವ ಅಫ್ಲಾಟಾಕ್ಸಿನ್ ವಿಷ ಕೋಳಿಯ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. "ಮನುಷ್ಯರಿಗಾಗದ್ದು ಕೋಳಿಗೆ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗಾಗಲೇ ತೂಕಡಿಸುತ್ತಿರುವ, ಭೇದಿ ಇರುವ ಕೋಳಿಯನ್ನು ಬೇರೆ ಇಡಿ. ಅದಕ್ಕೆ ಹಾಕಬೇಡಿ. ಅಂಥವನ್ನು ಹಿಡಿದ ಕೈಯಲ್ಲೇ ಚೆನ್ನಾಗಿರುವ ಕೋಳಿಯನ್ನೂ ಹಿಡಿಯಬೇಡಿ.

ನಾಟಿ ಕೋಳಿಯನ್ನು ಹಗಲು ಹಿಡಿಯಲು ಹೋದರೆ ಊರೆಲ್ಲ ಓಡಿಸುತ್ತದೆ. ಹಿಂದಿನ ರಾತ್ರಿ ಗೂಡಿಗೆ ಸೇರಿಸಿ, ಬೆಳಿಗ್ಗೆ ಬಾಗಿಲು ತೆಗೆಯದೆ ಒಂದೊಂದಾಗಿ ಹಿಡಿದು ಹನಿ ಹಾಕಿ ಬಿಡಿ. ಯಾವುದಕ್ಕೆ ಹಾಕಿದೆ, ಯಾವುದಕ್ಕೆ ಬಿಟ್ಟೆ ಅನ್ನುವ ಗೊಂದಲ ಇರುವುದಿಲ್ಲ. ಮರದ ಮೇಲೆ ಮಲಗುವ ಹುಂಜಗಳಿದ್ದರೆ ಕತ್ತಲಾದ ಮೇಲೆ ಇಳಿಸಿಕೊಳ್ಳಿ.

ಹೆಜ್ಜೆ 3: ತರುವುದು

ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಬಾಟಲಿ ಎಲ್ಲಿಂದ ಬಂತು ಅನ್ನುವುದು. ಫ್ರಿಜ್‌ನಿಂದ ತೆಗೆದುಕೊಟ್ಟರೆ ಸರಿ. ಶೆಲ್ಫಿನಿಂದ ತೆಗೆದುಕೊಟ್ಟರೆ ವಾಪಸು ಕೊಟ್ಟು ಬನ್ನಿ. ಸುಮ್ನೆ ಮುಲಾಜಿಗೆ ಬೀಳಬೇಡಿ. ಅವಧಿ ಮುಗಿಯುವ ದಿನ ಓದಿ. ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ.

ಮನೆಯಿಂದಲೇ ಥರ್ಮಾಕೋಲ್ ಡಬ್ಬ ಮತ್ತು ಐಸ್ ತೆಗೆದುಕೊಂಡು ಹೋಗಿ. ಡಬ್ಬ ಇಲ್ಲದಿದ್ದರೆ ಅಗಲ ಬಾಯಿಯ ಫ್ಲಾಸ್ಕ್ ಸಾಕು. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಐಸ್ ಮಧ್ಯೆ ಇಡಿ. ಜೊತೆಗೆ ಕೊಡುವ ಕಲಸುವ ದ್ರವವನ್ನೂ ತಣ್ಣಗೆ ಮಾಡಿಕೊಳ್ಳಿ. ಐಸ್‌ಕ್ಯಾಂಡಿ ಕೊಂಡು ಮನೆಗೆ ಹೊರಟವರ ಅವಸರ ನಿಮಗೂ ಇರಲಿ: ದಾರಿಯಲ್ಲಿ ಟೀ ಬೇಡ, ಸಂತೆ ಬೇಡ.

ಮನೆಯ ಫ್ರಿಜ್‌ನಲ್ಲಿ ಇಡಬೇಕಾಗಿ ಬಂದರೆ ಮಧ್ಯದ ತಟ್ಟೆಯಲ್ಲಿಡಿ. ಬಾಗಿಲಿನಲ್ಲಿ ಇಟ್ಟರೆ ಪದೇ ಪದೇ ಬಿಸಿಗಾಳಿ ತಾಗುತ್ತದೆ. ಕರೆಂಟು ಅರ್ಧ ದಿನ ಹೋಗುವ ಊರಾದರೆ ತಂದ ದಿನವೇ ಹಾಕಿಬಿಡಿ.

ಬಿಸಿಲು ತಡೆಯುವ ಲಸಿಕೆಗಳೂ ಇವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸಿಕ್ಕ ವಿ4, ಐ-2 ತಳಿಗಳಿಂದ ಮಾಡಿದವು. ಫ್ರಿಜ್ ಇಲ್ಲದ ಹಳ್ಳಿಗಳಿಗೆಂದೇ ಆಫ್ರಿಕಾ ಮತ್ತು ಏಷ್ಯಾದ ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ನಿಮ್ಮ ಕೈಯಲ್ಲಿರುವುದು ಲಸೋಟ ಆದರೆ ಆ ಸೌಕರ್ಯ ನಿಮಗಿಲ್ಲ.

ಹೆಜ್ಜೆ 4: ಕಲಸುವುದು

ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಕಲಸಿ. ಡೆಟಾಲ್, ಫಿನೈಲ್, ಸೋಪಿನ ನೀರು ತಾಗಿದ ಯಾವ ಸಾಮಾನೂ ಹತ್ತಿರ ಬರಬಾರದು. ಇವೆಲ್ಲ ವೈರಸ್ ಕೊಲ್ಲಲೆಂದೇ ಇರುವಂಥವು, ಲಸಿಕೆಯ ವೈರಸ್ಸನ್ನೂ ಬಿಡುವುದಿಲ್ಲ. ಸಿರಿಂಜ್, ಡ್ರಾಪರ್ ಹೊಸದಾಗಿರಲಿ. ಇಲ್ಲವೇ ಬರೀ ನೀರಿನಲ್ಲಿ ಕುದಿಸಿ ಪೂರ್ತಿ ಆರಿಸಿರಲಿ.

ಬಾಟಲಿಯ ತಳದಲ್ಲಿ ಒಣಗಿದ ಬಿಲ್ಲೆಯ ಹಾಗೆ ಕಾಣುವುದೇ ಲಸಿಕೆ. ಸಿರಿಂಜಿನಲ್ಲಿ 2 ಮಿ.ಲೀ. ದ್ರವ ಎಳೆದು ರಬ್ಬರ್ ಮುಚ್ಚಳದ ಮೂಲಕ ಚುಚ್ಚಿ. ಬಾಟಲಿ ಸಾಮಾನ್ಯವಾಗಿ ದ್ರವವನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಗಾಳಿ ಇಲ್ಲದಂತೆ ಮುಚ್ಚಿರುತ್ತಾರೆ, ಅದಕ್ಕೆ. ಮುಚ್ಚಳ ಸಡಿಲ, ಬಿಲ್ಲೆ ಕರಗಿ ಅಂಟಾಗಿದೆ ಅಂದರೆ ಆ ಬಾಟಲಿ ಬೇಡ. ನಿಧಾನವಾಗಿ ತಿರುಗಿಸಿ ಕರಗಿಸಿ. ಜೋರಾಗಿ ಕುಲುಕಿ ನೊರೆ ಬರಿಸಬೇಡಿ. ಆಮೇಲೆ ಉಳಿದ ದ್ರವಕ್ಕೆ ಸೇರಿಸಿ.

ದ್ರವ ಎಷ್ಟು? ಹನಿಯ ಗಾತ್ರದ ಮೇಲೆ ಹೋಗುತ್ತದೆ. ಸಾಮಾನ್ಯ ಲೆಕ್ಕ ಒಂದು ಹನಿಗೆ 0.03 ಮಿ.ಲೀ., ಅಂದರೆ 100 ಡೋಸ್‌ಗೆ 3 ಮಿ.ಲೀ., 1000 ಡೋಸ್‌ಗೆ 30 ಮಿ.ಲೀ. ಕಂಪನಿಯವರು ಅಳತೆಯ ದ್ರವ ಮತ್ತು ಡ್ರಾಪರ್ ಕೊಟ್ಟಿದ್ದರೆ ಅದರಂತೆ ಮಾಡಿ. ನಿಮ್ಮದೇ ಡ್ರಾಪರ್ ಆದರೆ ಮೊದಲು ಬರೀ ನೀರಿನಲ್ಲಿ ಪರೀಕ್ಷೆ ಮಾಡಿ. 1 ಮಿ.ಲೀ. ನೀರಿಗೆ ಎಷ್ಟು ಹನಿ ಬೀಳುತ್ತದೆ ಎಣಿಸಿ. 33ರ ಹತ್ತಿರ ಬಂದರೆ ಸರಿ. 20 ಹನಿ ಬಂದರೆ ಹನಿ ದಪ್ಪ, 100 ಡೋಸ್‌ಗೆ 5 ಮಿ.ಲೀ. ಬೇಕು. ಈ ಎಣಿಕೆ ಬಿಟ್ಟವರಿಗೆ ಅರವತ್ತು ಕೋಳಿಗೇ ಲಸಿಕೆ ಮುಗಿದುಹೋಗುತ್ತದೆ.

ಕಲಸಿದ ಮೇಲೆ ಗಡಿಯಾರ ನೋಡಿಕೊಳ್ಳಿ. ಒಂದು ಗಂಟೆಯೊಳಗೆ ಮುಗಿದರೆ ಒಳ್ಳೆಯದು, ಎರಡು ಗಂಟೆ ದಾಟಬಾರದು. ಅಲ್ಲಿಯವರೆಗೂ ಬಾಟಲಿ ಐಸ್ ಮೇಲೆಯೇ ಇರಲಿ. ಮನೆ ಮನೆ ಸುತ್ತುವುದಿದ್ದರೆ 1000 ಡೋಸ್‌ನ ಒಂದು ಬಾಟಲಿಗಿಂತ 100 ಡೋಸ್‌ನ ನಾಲ್ಕೈದು ಬಾಟಲಿ ವಾಸಿ. ಒಂದು ಮುಗಿದ ಮೇಲೆ ಇನ್ನೊಂದು ಒಡೆಯಬಹುದು.

ಹೆಜ್ಜೆ 5: ಹನಿ ಹಾಕುವುದು

ಇದಕ್ಕೆ ಇಬ್ಬರು ಬೇಕು. ಒಬ್ಬರು ಹಿಡಿಯಲು, ಒಬ್ಬರು ಹಾಕಲು. ಕೋಳಿಯ ರೆಕ್ಕೆ ಸೇರಿಸಿ ಹಿಡಿದು ತಲೆಯನ್ನು ಪಕ್ಕಕ್ಕೆ ವಾಲಿಸಿ. ಒಂದು ಕಣ್ಣು ನೇರ ಮೇಲೆ ನೋಡಬೇಕು. ಡ್ರಾಪರ್ ನೆಟ್ಟಗೆ ಹಿಡಿಯಿರಿ. ಓರೆಯಾದರೆ ಹನಿಯ ಗಾತ್ರ ಬದಲಾಗುತ್ತದೆ. ಕಣ್ಣಿಗಿಂತ ಒಂದೆರಡು ಸೆಂ.ಮೀ. ಮೇಲಿನಿಂದ ಒಂದು ಹನಿ ಬಿಡಿ. ಡ್ರಾಪರ್‌ನ ತುದಿ ಕಣ್ಣಿಗೆ ತಾಗಬಾರದು.

ಹನಿ ಬಿದ್ದ ಕೂಡಲೇ ಕೋಳಿ ಬಿಡಬೇಡಿ. ಅದು ಕಣ್ಣು ಮಿಟುಕಿಸಿ, ಹನಿ ಕಣ್ಣೊಳಗೆ ಹರಡಿ ಮಾಯವಾಗುವುದನ್ನು ನೋಡಿ. ಕಣ್ಣಿನಿಂದ ಮೂಗಿಗೆ ಸಣ್ಣ ನಾಳವಿದೆ, ಅದರ ಮೂಲಕ ಲಸಿಕೆ ಮೂಗು, ಗಂಟಲಿಗೆ ಇಳಿಯುತ್ತದೆ. ಹನಿ ಕೆನ್ನೆಯ ಮೇಲೆ ಜಾರಿದರೆ ಲೆಕ್ಕಕ್ಕಿಲ್ಲ, ಇನ್ನೊಂದು ಹಾಕಿ. ಕಣ್ಣು ಬಿಡದ ಹಟಮಾರಿ ಮರಿಗೆ ಮೂಗಿನ ಹೊಳ್ಳೆಗೆ ಹಾಕಬಹುದು. ಒಂದು ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿದರೆ ಇನ್ನೊಂದರಿಂದ ಒಳಗೆಳೆದುಕೊಳ್ಳುತ್ತದೆ.

ಮರಿಯಾಗಲಿ, ದೊಡ್ಡ ಹುಂಜವಾಗಲಿ, ಡೋಸ್ ಒಂದೇ ಹನಿ. "ದೊಡ್ಡದು, ಎರಡು ಹಾಕು" ಅನ್ನುವ ಅಗತ್ಯ ಇಲ್ಲ. ವೈರಸ್ ಒಳಗೆ ಹೋಗಿ ತಾನೇ ಬೆಳೆಯುತ್ತದೆ.

ನಿಮ್ಮ ಕೈಯನ್ನು ನಿಮ್ಮ ಕಣ್ಣಿಗೆ ತಾಗಿಸಬೇಡಿ. ಈ ವೈರಸ್ ಮನುಷ್ಯರಲ್ಲಿ ಕಣ್ಣು ಕೆಂಪಾಗುವಂತೆ ಮಾಡುತ್ತದೆ. ಕೆಲವು ದಿನದಲ್ಲಿ ತಾನೇ ಹೋಗುತ್ತದೆ, ಆದರೂ ಬೇಡದ ಕಿರಿಕಿರಿ.

ನೀರಿನಲ್ಲಿ ಕೊಡುವುದಾದರೆ

ನೂರಕ್ಕಿಂತ ಜಾಸ್ತಿ ಕೋಳಿ ಇದ್ದರೆ ಹನಿ ಕಷ್ಟ. ಬೂಸ್ಟರ್ ಅನ್ನು ನೀರಿನಲ್ಲಿ ಕೊಡಬಹುದು. ಮೊದಲ ಡೋಸ್ ಮಾತ್ರ ಹನಿಯಲ್ಲೇ ಆಗಲಿ ಅನ್ನುವುದು ನನ್ನ ಪಟ್ಟು. ನೀರಿನಲ್ಲಿ ಎಲ್ಲ ಕೋಳಿಗೂ ಸಮನಾಗಿ ಸಿಗುವುದಿಲ್ಲ. ಜೋರಿನ ಹುಂಜ ಕುಡಿಯುತ್ತದೆ, ಪುಕ್ಕಲು ಮರಿ ಹಿಂದೆ ನಿಲ್ಲುತ್ತದೆ.

ನಲ್ಲಿ ನೀರಿನ ಕ್ಲೋರಿನ್ ಲಸಿಕೆಯ ಮೊದಲ ಶತ್ರು. ಬಾವಿ ಅಥವಾ ಬೋರ್‌ವೆಲ್ ನೀರು ಬಳಸಿ. ಅದಕ್ಕೂ ಲೀಟರಿಗೆ ಎರಡೂವರೆ ಗ್ರಾಂ ಕೆನೆರಹಿತ ಹಾಲಿನ ಪುಡಿ ಹಾಕಿ ಕಲಸಿ ಸ್ವಲ್ಪ ಹೊತ್ತು ಬಿಡಿ. ಹಾಲಿನ ಪ್ರೋಟೀನ್ ಉಳಿದ ಕ್ಲೋರಿನ್ ಹಿಡಿದುಕೊಳ್ಳುತ್ತದೆ. ಹಿಂದಿನ ದಿನದಿಂದ ನೀರಿಗೆ ಯಾವ ಔಷಧಿಯೂ ಬೇಡ. ಬೆಳಿಗ್ಗೆ ಒಂದೆರಡು ಗಂಟೆ ನೀರು ನಿಲ್ಲಿಸಿ, ಬಾಯಾರಲಿ. ಬೇಸಿಗೆಯಲ್ಲಿ ಒಂದು ಗಂಟೆಯೇ ಸಾಕು.

ಎಷ್ಟು ನೀರು ಅನ್ನುವುದಕ್ಕೆ ಕೋಳಿ ಸಾಕಣೆಯವರ ಹಳೆಯ ಲೆಕ್ಕವಿದೆ: ಸಾವಿರ ಮರಿಗೆ, ವಯಸ್ಸು ಎಷ್ಟು ದಿನವೋ ಅಷ್ಟು ಲೀಟರ್. 28 ದಿನದ 100 ಮರಿಗೆ ಸುಮಾರು 2.8 ಲೀಟರ್. ಎರಡು ಗಂಟೆಯೊಳಗೆ ಕುಡಿದು ಮುಗಿಸಬೇಕು. ನೀರಿನ ಪಾತ್ರೆಗಳನ್ನು ಹರಡಿ ಇಡಿ. ಪ್ಲಾಸ್ಟಿಕ್ ಆಗಿರಲಿ, ತುಕ್ಕು ಹಿಡಿದ ತಗಡು ಬೇಡ.

ಹೆಜ್ಜೆ 6: ಆರ್‌2ಬಿ ಇಂಜೆಕ್ಷನ್

ರಾಣಿಖೇತ್‌ನಂತೆ ಕುಮಾವೂನ್ ಬೆಟ್ಟಗಳಲ್ಲೇ ಇರುವ ಮುಕ್ತೇಶ್ವರದ ಪಶು ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ತಯಾರಾದ ಲಸಿಕೆ ಇದು. ವೈರಸ್ಸನ್ನು ಮೊಟ್ಟೆಯ ಭ್ರೂಣಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಪಳಗಿಸಿದರು. ಲಸೋಟಕ್ಕಿಂತ ಖಾರ. ರಕ್ಷಣೆಯೂ ಹೆಚ್ಚು ಕಾಲ.

ಖಾರವಾದ್ದರಿಂದಲೇ ಎಚ್ಚರ ಬೇಕು. ಎಳೆ ಮರಿಗೆ ಯಾವ ಕಾರಣಕ್ಕೂ ಹಾಕಬಾರದು, ಲಸಿಕೆಯೇ ರೋಗ ತರುತ್ತದೆ. ಎಂಟು ವಾರ ದಾಟಿರಬೇಕು, ಅದಕ್ಕೂ ಮೊದಲು ಲಸೋಟ ಅಥವಾ ಎಫ್ ಆಗಿರಬೇಕು. ಮೊಟ್ಟೆ ಇಡುತ್ತಿರುವ ಕೋಳಿಗೆ ಹಾಕಿದರೆ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ, ಅದಕ್ಕೆ ಇಡಲು ಶುರು ಮಾಡುವ ಮೊದಲೇ ಮುಗಿಸಿ.

100 ಡೋಸ್ ಬಾಟಲಿಗೆ 50 ಮಿ.ಲೀ. ತಣ್ಣನೆಯ ಸಲೈನ್. ಒಂದು ಕೋಳಿಗೆ 0.5 ಮಿ.ಲೀ., ರೆಕ್ಕೆಯ ಕೆಳಗಿನ ಚರ್ಮದಡಿಗೆ ಅಥವಾ ತೊಡೆಯ ಮಾಂಸಕ್ಕೆ. ಸೂಜಿಯನ್ನು ಆಗಾಗ ಬದಲಿಸಿ. ಬೇರೆ ಮನೆಯ ಕೋಳಿಗೆ ಹೋಗುವಾಗ ಖಂಡಿತ ಹೊಸದು. ಇದನ್ನು ಮೊದಲ ಸಲ ಪಶು ಆಸ್ಪತ್ರೆಯವರ ಕೈಯಲ್ಲಿ ಹಾಕಿಸಿ, ನೋಡಿ ಕಲಿಯಿರಿ.

ಹಾಕಿದ ಮೇಲೆ

ಎರಡು ಮೂರು ದಿನ ಬಿಟ್ಟು ಸ್ವಲ್ಪ ಸೀನು, ಕಣ್ಣಲ್ಲಿ ನೀರು ಬಂದರೆ ಗಾಬರಿ ಬೇಡ. ಲಸಿಕೆ ಹಿಡಿದಿದೆ ಅಂತ ಅರ್ಥ. ಒಂದು ವಾರವಾದರೂ ನಿಲ್ಲದೆ ಗೊರಗೊರ ಶಬ್ದ ಬಂದರೆ ಡಾಕ್ಟರಿಗೆ ತೋರಿಸಿ.

ಉಳಿದ ಲಸಿಕೆಯನ್ನು ಗೂಡಿನ ಪಕ್ಕ ಚೆಲ್ಲಬೇಡಿ. ಬಾಟಲಿ, ಡ್ರಾಪರ್ ಕುದಿಸಿ ಅಥವಾ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕಿ ಹೂಳಿ. ಕ್ಯಾಲೆಂಡರ್ ಮೇಲೆ ದಿನಾಂಕ, ಲಸಿಕೆಯ ಹೆಸರು, ಬ್ಯಾಚ್ ನಂಬರ್, ಎಷ್ಟು ಕೋಳಿ ಅಂತ ಬರೆಯಿರಿ. ಲಸಿಕೆಯಾದ ಕೋಳಿಯನ್ನು ಎಷ್ಟು ದಿನ ಕೊಯ್ಯಬಾರದು ಅಂತ ಬಾಟಲಿಯ ಜೊತೆಗಿನ ಚೀಟಿಯಲ್ಲಿ ಇರುತ್ತದೆ. ಹಬ್ಬಕ್ಕೆ ಮಾರುವವರು ಅದನ್ನು ನೋಡಿ ದಿನ ಗೊತ್ತು ಮಾಡಿ.

ದೊಡ್ಡ ಹಿಂಡು ಇರುವವರು ಮೂರು-ನಾಲ್ಕು ವಾರದ ಮೇಲೆ ಕೆಲವು ಕೋಳಿಗಳ ರಕ್ತ ತೆಗೆಸಿ ಎಚ್‌ಐ ಪರೀಕ್ಷೆ ಮಾಡಿಸಬಹುದು. ಪ್ರತಿಕಾಯ ಎಷ್ಟಿದೆ ಅಂತ ಅಂಕಿಯಲ್ಲೇ ಗೊತ್ತಾಗುತ್ತದೆ. ಅಂಕಿ ಒಂದೊಂದು ಕೋಳಿಯಲ್ಲಿ ಒಂದೊಂದು ಥರ ಬಂದರೆ ಹನಿ ಸರಿಯಾಗಿ ಬಿದ್ದಿಲ್ಲ ಅಂತ ತಿಳಿಯಿರಿ.

ಉಳಿದ ವೈರಸ್‌ಗಳ ಬಗ್ಗೆ ಚಿಕ್ಕದಾಗಿ

ಗುಂಬೋರೋವನ್ನು ಬಿಡಬೇಡಿ. ಈ ವೈರಸ್ ಮರಿಯ ಬಾಲದ ಬುಡದಲ್ಲಿರುವ ಬರ್ಸಾ ಗ್ರಂಥಿಯನ್ನು ಹಾಳು ಮಾಡುತ್ತದೆ. ಪ್ರತಿಕಾಯ ಮಾಡುವ ಕೋಶಗಳು ಬಲಿಯುವುದೇ ಅಲ್ಲಿ. ಅದು ಹಾಳಾದ ಮರಿಗೆ ರಾಣಿಖೇತ್ ಲಸಿಕೆ ಎಷ್ಟು ಸಲ ಹಾಕಿದರೂ ಹಿಡಿಯುವುದಿಲ್ಲ.

ಮಾರೆಕ್ಸ್ ಗಡ್ಡೆ ತರುವ ರೋಗ. ಟರ್ಕಿ ಕೋಳಿಯ ನಿರಪಾಯಕಾರಿ ವೈರಸ್ ಬಳಸಿ 1970ರ ಹೊತ್ತಿಗೆ ಲಸಿಕೆ ಬಂತು. ಕ್ಯಾನ್ಸರ್ ತಡೆಯುವ ಮೊದಲ ಲಸಿಕೆ ಸಿಕ್ಕಿದ್ದು ಮನುಷ್ಯರಿಗಲ್ಲ, ಕೋಳಿಗೆ.

ಸಿಡುಬಿನ ಲಸಿಕೆಯಲ್ಲಿ ಒಂದು ಅನುಕೂಲವಿದೆ. ಎರಡು ಮುಳ್ಳಿನ ಸೂಜಿಯನ್ನು ಅದ್ದಿ ರೆಕ್ಕೆಯ ಪೊರೆಗೆ ಚುಚ್ಚುತ್ತಾರೆ. 7ರಿಂದ 10 ದಿನಕ್ಕೆ ಅಲ್ಲಿ ಗಂಟು, ಹೊಪ್ಪಳೆ ಕಾಣಬೇಕು. ಕಾಣದಿದ್ದರೆ ಲಸಿಕೆ ಹಿಡಿದಿಲ್ಲ, ಮತ್ತೆ ಹಾಕಬೇಕು. ರಾಣಿಖೇತ್‌ನಲ್ಲಿ ಇಷ್ಟು ಸುಲಭದ ಗುರುತು ಇಲ್ಲ.

ಹಕ್ಕಿಜ್ವರಕ್ಕೆ ಲಸಿಕೆ ಯಾಕೆ ಕೊಡುವುದಿಲ್ಲ ಅಂತ ಕೇಳುವವರಿದ್ದಾರೆ. ಕೋಳಿಗಳನ್ನು ಗುಂಪಾಗಿ ಕೊಲ್ಲುವ ಎಚ್5ಎನ್1 ಬಗೆಗೆ ಭಾರತದಲ್ಲಿ ಲಸಿಕೆಗೆ ಅನುಮತಿಯಿಲ್ಲ. ಪತ್ತೆ ಮಾಡಿ, ಸುತ್ತಲಿನ ಕೋಳಿ ಕೊಂದು ಹೂಳುವುದೇ ಇಲ್ಲಿನ ನೀತಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲ ಸಲ ಕಾಣಿಸಿದಾಗಿನಿಂದ ಹಾಗೇ ನಡೆದುಬಂದಿದೆ. ನೋಡಲು ರಾಣಿಖೇತ್ ಮತ್ತು ಹಕ್ಕಿಜ್ವರ ಒಂದೇ ಥರ ಇರುತ್ತವೆ. ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ ನೀವೇ ತೀರ್ಮಾನಕ್ಕೆ ಬರಬೇಡಿ. ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಲ್ಯಾಬ್ ಪರೀಕ್ಷೆಯೇ ಹೇಳಬೇಕು.

ಊರಿಗೆ ರೋಗ ಬಂದೇ ಬಿಟ್ಟರೆ

ಪಕ್ಕದ ಬೀದಿಯಲ್ಲಿ ಸಾಯುತ್ತಿವೆ, ನಿಮ್ಮವು ಇನ್ನೂ ಚೆನ್ನಾಗಿವೆ ಅಂದರೆ ಅವತ್ತೇ ಲಸೋಟ ಹಾಕಿ. ಪೂರ್ತಿ ರಕ್ಷೆ ಬರಲು ಎರಡು-ಮೂರು ವಾರ ಬೇಕು, ಆದರೂ ಹಾಕದಿರುವುದಕ್ಕಿಂತ ವಾಸಿ. ನಿಮ್ಮ ಹಿಂಡಿನಲ್ಲೇ ಶುರುವಾಗಿದ್ದರೆ ಲಸಿಕೆಯ ಕಾಲ ಮೀರಿದೆ. ಆಗ ಹಾಕಿದರೆ, ಒಳಗೆ ರೋಗ ಇದ್ದ ಕೋಳಿ ಸತ್ತು, "ಲಸಿಕೆಯಿಂದಲೇ ಸತ್ತಿತು" ಅನ್ನುವ ಮಾತು ಊರಲ್ಲಿ ಹುಟ್ಟುತ್ತದೆ. ಕೈಯಿಂದ ಕೈಗೆ, ಸೂಜಿಯಿಂದ ಸೂಜಿಗೆ ವೈರಸ್ ಹಬ್ಬುವ ಅಪಾಯವೂ ಉಂಟು.

ಕಾಯಿಲೆ ಕೋಳಿಯನ್ನು ಸಿಕ್ಕಷ್ಟಕ್ಕೆ ಸಂತೆಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಮುಂದಿನ ಊರಿಗೆ ರೋಗ ಹೋಗುವುದೇ ಹೀಗೆ. ಸತ್ತದ್ದನ್ನು ಕೆರೆಗೆ, ತಿಪ್ಪೆಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ನಾಯಿ ಕೆದಕದಷ್ಟು ಆಳ ಇರಲಿ. ಗೂಡಿನ ಹಿಕ್ಕೆ, ಹಾಸಿದ ಹೊಟ್ಟು ತೆಗೆದು ಸುಟ್ಟು, ನೆಲ ತೊಳೆದು, ಸುಣ್ಣ ಬಳಿದು ಬಿಸಿಲು ಬೀಳುವಂತೆ ತೆರೆದಿಡಿ. ಚಪ್ಪಲಿಗೂ ವೈರಸ್ ಅಂಟುತ್ತದೆ, ಅದನ್ನೂ ತೊಳೆಯಿರಿ.

ಗೂಡನ್ನು ತಿಂಗಳಾದರೂ ಖಾಲಿ ಬಿಟ್ಟು ಆಮೇಲೆ ಹೊಸ ಮರಿ ತನ್ನಿ. ತರುವ ಮೊದಲು ಎರಡು ಪ್ರಶ್ನೆ ಕೇಳಿ: ಮಾರೆಕ್ಸ್ ಲಸಿಕೆ ಆಗಿದೆಯಾ, ಲಸೋಟ ಯಾವತ್ತು ಹಾಕಿದಿರಿ? ಉತ್ತರ ಗೊತ್ತಿಲ್ಲ ಅಂದರೆ ಆಗಿಲ್ಲ ಅಂತಲೇ ಲೆಕ್ಕ ಹಿಡಿದು, ಎರಡು ವಾರ ಬೇರೆ ಇಟ್ಟು, ಅಲ್ಲೇ ಮೊದಲ ಹನಿ ಹಾಕಿ.